ಮೂರು ಸಲ ಕೂಗತಕ್ಕದ್ದು

ನಮ್ಮೂರಿನಲ್ಲಿ ಹೆಸರುಗಳು ವರ್ಷಕ್ಕೊಂದು ಸಲ ಮಾತ್ರ ಹೊರಗೆ ಬರುತ್ತಿದ್ದವು. ಉಳಿದ ದಿನಗಳಲ್ಲಿ ಅವರವರ ಕೆಲಸವೇ ಅವರವರ ಹೆಸರು. ಕುಂಬಾರ, ಹಗ್ಗದವಳು, ಸುಣ್ಣ ಸುಡುವವನು ಎಂದರೆ ಸಾಕಾಗುತ್ತಿತ್ತು. ನಾನು ಗಾಣದವನು. ಬೀದಿಯ ಮೂರನೇ ಮನೆ ನನ್ನದು.

ಸುಗ್ಗಿ ಮುಗಿದು ಮೊದಲ ಬಿಸಿಗಾಳಿ ಬೀಸಿದ ಬೆಳಿಗ್ಗೆ ಕೂಗಿನ ದಿನ. ಅಂದು ಚಾವಡಿಯ ಪರವಾಗಿ ಒಬ್ಬ ಬೀದಿ ಬೀದಿಗೆ ಬಂದು ಪ್ರತಿಯೊಬ್ಬರ ಹೆಸರನ್ನೂ ಮೂರು ಸಲ ಕೂಗುತ್ತಿದ್ದ. ಹೆಸರಿನವರು "ಇದ್ದೇನೆ" ಎನ್ನಬೇಕು. ಅಂದವರು ಇನ್ನೊಂದು ವರ್ಷ ಊರಿನಲ್ಲಿ ಇದ್ದಾರೆ. ಅನ್ನದವರು ಗೈರು.

ಗೈರು ಎಂದರೆ ಸಾವಲ್ಲ. ಸತ್ತವರಿಗೆ ನಾವು ಅಳುತ್ತೇವೆ, ಹೂವು ಹಾಕುತ್ತೇವೆ. ಗೈರಾದವರನ್ನು ನೋಡುವುದಿಲ್ಲ, ಅಷ್ಟೇ. ಅವರು ಎದುರಿಗೆ ಬಂದರೆ ಕಣ್ಣು ಅವರ ಹಿಂದಿನ ಗೋಡೆಯನ್ನು ನೋಡಬೇಕು. ಅವರು ಕೂಗಿದರೆ ಗಾಳಿ ಎನ್ನಬೇಕು. ಅವರಿಗೆ ಅನ್ನ ಹಾಕಿದರೆ, ಹಾಕಿದ ಕೈಯೂ ಗೈರು. ಊರಿನ ಸುತ್ತ ಬಿಳಿ ಕಲ್ಲು ನೆಟ್ಟಿದ್ದಾರೆ. ಕಲ್ಲಿನ ಆಚೆ ಬಯಲು. ಗೈರಾದವರು ಎಷ್ಟು ದಿನ ತಡೆದುಕೊಂಡರೂ ಕೊನೆಗೆ ಆ ಕಲ್ಲು ದಾಟಿ ಹೋಗುತ್ತಾರೆ.

ಮೂವತ್ತೊಂದು ವರ್ಷ ಕೂಗಿದವನು ಒಬ್ಬನೇ. ಅವನನ್ನು ಕೂಗುವವನು ಎನ್ನುತ್ತಿದ್ದೆವು. ನಮ್ಮ ಬೀದಿಯ ಕೊನೆಯಲ್ಲಿ, ಹಗ್ಗದವಳ ಮನೆಯ ಎದುರು ಅವನ ಮನೆ. ಕೂಗುವುದರಲ್ಲಿ ಅವನು ಅಂಥ ಗಟ್ಟಿಗನೇನೂ ಅಲ್ಲ. ಕಾಯುವುದರಲ್ಲಿ ಗಟ್ಟಿಗ. ಒಂದು ಹೆಸರು ಕೂಗಿ ಬಾಗಿಲಲ್ಲಿ ನಿಂತರೆ ಒಳಗಿನ ಮುದುಕಿ ಕೋಲು ಹುಡುಕಿಕೊಂಡು ಹೊರಗೆ ಬರುವ ತನಕ ಕದಲುತ್ತಿರಲಿಲ್ಲ. ಹೊಲಕ್ಕೆ ಹೋದವನಿಗೆ ಹೇಳಿ ಕಳಿಸಿ, ಅವನು ಬರುವ ತನಕ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಹಗ್ಗದವಳಿಗೆ ಒಬ್ಬಳೇ ಮಗಳು, ಹುಟ್ಟುಮೂಕಿ, ಆದರೆ ಕಿವಿ ಚುರುಕು. ಅವಳ ಬಾಗಿಲಿಗೆ ಬಂದಾಗ ಅವಳು ಕಂಚಿನ ತಟ್ಟೆಯ ಮೇಲೆ ಸೌಟಿನಿಂದ ಒಂದು ಏಟು ಹಾಕುತ್ತಿದ್ದಳು. ಅವನು "ಇದ್ದಾಳೆ, ಇದ್ದಾಳೆ" ಎಂದು ನಕ್ಕು ಮುಂದೆ ಹೋಗುತ್ತಿದ್ದ. ಅವನ ಕಾಲದಲ್ಲಿ ಗೈರಾದವರು ನಿಜವಾಗಿಯೂ ಊರು ಬಿಟ್ಟು ಹೋದವರು ಮಾತ್ರ.

ಆದರೆ ಅವನ ಕೂಗು ಮುಗಿಯಲು ಮೂರು ದಿನ ಬೇಕಾಗುತ್ತಿತ್ತು. ಪಕ್ಕದೂರಿನಲ್ಲಿ ಅರ್ಧ ದಿನಕ್ಕೆ ಮುಗಿಸುತ್ತಾರಂತೆ ಎಂದು ಚಾವಡಿಯ ಯಜಮಾನರಿಗೆ ನಾಚಿಕೆಯಾಯಿತು. ಕೂಗುವ ಕೆಲಸ ಚಾವಡಿಗೆ ಯಾಕೆ ಬೇಕು, ಯಾರಾದರೂ ಕೂಗಬಹುದಲ್ಲ ಎಂದರು. ಮೂವತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟರು. ಗುತ್ತಿಗೆದಾರ ತೆಳ್ಳಗೆ, ಚೊಕ್ಕವಾಗಿ, ಹೊಸ ಚಪ್ಪಲಿ ಹಾಕಿಕೊಂಡು ಬಂದ. ಜೊತೆಗೊಬ್ಬ ಬರಹಗಾರ. ಕರಾರುಪತ್ರವನ್ನು ಚೌಕದಲ್ಲಿ ನಿಂತು ಓದಿದರು. ನಲವತ್ತೊಂದು ಷರತ್ತು. ಎಲ್ಲವೂ ಸರಿಯಾಗಿತ್ತು. "ಪ್ರತಿ ಹೆಸರನ್ನು ಮೂರು ಸಲ ಕೂಗತಕ್ಕದ್ದು" ಎಂದಿತ್ತು. "ಸ್ಪಷ್ಟವಾಗಿ ಕೂಗತಕ್ಕದ್ದು" ಎಂದಿತ್ತು. ಕಾಯತಕ್ಕದ್ದು ಎಂದು ಎಲ್ಲಿಯೂ ಇರಲಿಲ್ಲ. ಕೂಗುವ ಮುದುಕ ಕಾಯುತ್ತಿದ್ದುದು ಯಾವ ಕಾಗದದಲ್ಲೂ ಇರಲಿಲ್ಲವಲ್ಲ, ಕಾಗದದಲ್ಲಿ ಇಲ್ಲದ್ದನ್ನು ಗುತ್ತಿಗೆಗೆ ಕೊಡುವುದು ಹೇಗೆ? ನಾವು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಅದನ್ನು ಮುಚ್ಚಿಟ್ಟು ನನಗೇನೂ ಆಗಬೇಕಿಲ್ಲ.

ಮೊದಲ ವರ್ಷ ಮುದುಕನನ್ನು ದಾರಿ ತೋರಿಸಲು ಜೊತೆಯಲ್ಲಿ ಇಟ್ಟುಕೊಂಡರು. ಮೂಕಿಯ ಬಾಗಿಲಲ್ಲಿ ತಟ್ಟೆ ಬಡಿದಾಗ ಅವನು "ಅದೇ ಅವಳ ಉತ್ತರ, ಬರ್ಕೊಳ್ಳಪ್ಪ" ಎಂದ. ಬರಹಗಾರ ಬರೆದುಕೊಂಡ. ಆ ವರ್ಷ ಕೆಳಬೀದಿಯ ಸುಣ್ಣ ಸುಡುವವನು ಗೂಡಿನ ಹತ್ತಿರ ಇದ್ದ. ಓಡಿ ಬರುವಷ್ಟರಲ್ಲಿ ಮೂರನೇ ಕೂಗು ಆಗಿಹೋಗಿತ್ತು. ಒಂಬತ್ತನೆಯ ದಿನ ಇನ್ನೊಮ್ಮೆ ಕೂಗುವ ಮರುಕೂಗಿನ ಹೊತ್ತಿಗೆ ಜ್ವರ ಬಂದು ಅವನ ಗಂಟಲು ಕಟ್ಟಿತ್ತು. ಆಮೇಲೆ ಹನ್ನೊಂದು ದಿನ ಅವನು ಚೌಕದಲ್ಲಿ ನಿಂತು "ಇದ್ದೇನೆ, ಇದ್ದೇನೆ" ಎಂದು ಕೂಗಿದ. ಗಾಡಿಯವನು ಗಾಡಿಯನ್ನು ಅವನ ಪಾದದ ಮೇಲೆ ಹತ್ತಿಸಿ, "ಈ ದಾರೀಲಿ ಕಲ್ಲು ಜಾಸ್ತಿಯಾಯ್ತು" ಅಂದ. ಅವನ ಹೆಂಡತಿ ಬಾಗಿಲು ಹಾಕಿಕೊಂಡು, ಒಳಗಿನಿಂದ "ಈ ಮನೇಲಿ ಗಂಡಸರು ಯಾರೂ ಇಲ್ಲ" ಎಂದಳು. ಹನ್ನೆರಡನೆಯ ದಿನ ಅವನು ಕುಂಟುತ್ತಾ ಬಿಳಿ ಕಲ್ಲು ದಾಟಿದ.

ಎರಡನೆಯ ವರ್ಷ ಮುದುಕನಿಗೆ ಮನೆಯಲ್ಲೇ ಇರು ಎಂದರು. ಅಷ್ಟರಲ್ಲಿ ಅವನ ಕಿವಿ ಪೂರ್ತಿ ಮಂದವಾಗಿತ್ತು. ಕೂಗಿನ ದಿನ ಮೂಕಿ ಹೋಗಿ ಅವನ ಜಗುಲಿಯ ಮೇಲೆ ಕೂತಳು. ಅವನ ಹೆಸರು ಬಂದಾಗ ಅವನ ಮೊಣಕಾಲು ಮುಟ್ಟಿದಳು. ಅವನು "ಇದ್ದೇನೆ" ಎಂದ. ಅವಳು ಓಡಿ ಬಂದು ತನ್ನ ಹೊಸ್ತಿಲಲ್ಲಿ ನಿಂತಳು. ಗುತ್ತಿಗೆದಾರ ಅವಳ ಹೆಸರನ್ನು ಮೂರು ಸಲ, ಸ್ಪಷ್ಟವಾಗಿ ಕೂಗಿದ. ಅವಳು ತಟ್ಟೆ ಬಡಿದಳು. ಬರಹಗಾರ ಗುತ್ತಿಗೆದಾರನ ಮುಖ ನೋಡಿದ.

"ತಟ್ಟೆ ಅಂತ ಷರತ್ತಿನಲ್ಲಿ ಇದೆಯಾ?" ಎಂದ ಗುತ್ತಿಗೆದಾರ.

"ಇಲ್ಲ."

"ಹಂಗಾದ್ರೆ ಗೈರು."

ಬೀದಿಯಲ್ಲಿ ನಲವತ್ತು ಜನ. ಮೂವತ್ತೊಂಬತ್ತು ಹಾಜರು, ಒಂದು ಗೈರು ಎಂದು ಬರೆದು ಮುದ್ರೆ ಒತ್ತಿದರು. ಗೈರು ಬಿದ್ದ ಬೀದಿಯನ್ನು ಒಂಬತ್ತನೆಯ ದಿನ ಮತ್ತೆ ಪೂರ್ತಿ ಕೂಗಬೇಕೆಂಬುದು ಹಳೆಯ ಪದ್ಧತಿ. ಅದೇ ಮರುಕೂಗು. ಅಲ್ಲಿಯೂ ಗೈರಾದರೆ ಮುಗಿಯಿತು. ಆ ಒಂಬತ್ತು ದಿನ ಅವಳನ್ನು ನೋಡಬಹುದು, ಮಾತಾಡಿಸಕೂಡದು. ಹಗ್ಗದವಳು ಮಗಳ ತಲೆ ಬಾಚಿದಳು, ಉಣ್ಣಿಸಿದಳು, ಒಂದು ಮಾತೂ ಆಡಲಿಲ್ಲ. ತಟ್ಟೆ ಬಡಿದ ಮೇಲೆ ತಾನು ಹಾಜರೆಂದೇ ನಂಬಿದ್ದ ಮಗಳಿಗೆ ಏನಾಯಿತೆಂದು ತಿಳಿಯಲಿಲ್ಲ. ತಾಯಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡು ಇನ್ನೂ ಜೋರಾಗಿ ಹಗ್ಗದ ರಾಟೆ ತಿರುಗಿಸಿದಳು.

ಹಗ್ಗದವಳು ಮೊದಲು ಚಾವಡಿಗೆ ಹೋದಳು. "ಯಜಮಾನ್ರೇ, ನನ್ನ ಮಗಳು ಉತ್ತರ ಕೊಟ್ಟಳು. ಬೀದಿಯೇ ಕೇಳಿದೆ. ಕೂಗೋ ಮಾವ ಇಷ್ಟು ವರ್ಷ ಅದನ್ನೇ ಬರೀತಿದ್ರು."

"ಪಾಪ ಕಣಮ್ಮ," ಎಂದರು ಯಜಮಾನರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. "ಆದ್ರೆ ಕೂಗಿದ್ದು ಚಾವಡಿ ಅಲ್ವಲ್ಲ. ಗುತ್ತಿಗೆದಾರ ಕೂಗಿದ್ದು. ಅವನನ್ನ ಕೇಳು."

ಗುತ್ತಿಗೆದಾರ ಅವಳನ್ನು ಕೂರಿಸಿ ಮಜ್ಜಿಗೆ ಕೊಟ್ಟ. "ನೋಡಿ ತಾಯಿ, ಕೂಗಿದ್ದು ನಾನಲ್ಲ. ಗಂಟಲು ನಂದು, ಕೂಗು ಚಾವಡೀದು. ಮೂರನೇ ಷರತ್ತು ಹಾಗೇ ಹೇಳ್ತದೆ. ಚಾವಡಿ ಕೂಗಿನ ಮೇಲೆ ಯಾರೂ ದೂರು ಕೊಡೋ ಹಾಗಿಲ್ಲ, ಅದು ನಿಮಗೇ ಗೊತ್ತು."

ಅವಳು ನ್ಯಾಯಗಾರನ ಹತ್ತಿರ ಹೋದಳು. ಅವನು ಎತ್ತರದ ಪೀಠದ ಮೇಲೆ ಕೂತು, ಯಜಮಾನರು, ಗುತ್ತಿಗೆದಾರ ಇಬ್ಬರ ಮಾತನ್ನೂ ಓದಿಸಿ ಕೇಳಿದ.

"ಇಬ್ಬರು ಹೇಳೋದೂ ಸರಿಯಾಗಿದೆ," ಎಂದ.

"ಹಾಗಾದ್ರೆ ಕೂಗಿದ್ದು ಯಾರು ಸ್ವಾಮಿ?"

"ಕಾನೂನಿನ ಪ್ರಕಾರ ನೋಡಿದ್ರೆ, ಯಾರೂ ಕೂಗಿಲ್ಲ ಅಂತ ಕಾಣ್ತದೆ."

"ಯಾರೂ ಕೂಗದೇ ನನ್ನ ಮಗಳು ಗೈರು ಹೇಗಾದಳು?"

"ಗೈರು ಅನ್ನೋದಕ್ಕೆ ಪಟ್ಟಿ ಇದೆಯಲ್ಲಮ್ಮ. ಮುದ್ರೆ ಬೇರೆ ಬಿದ್ದಿದೆ. ಅಲ್ಲದೆ ನೀನ್ಯಾಕೆ ಬಂದೆ? ನೀನು ಹಾಜರಿದ್ದೀಯ, ನಿನಗೇನೂ ಆಗಿಲ್ಲ. ಆದವಳು ಬಂದು ಹೇಳ್ಬೇಕು."

"ಅವಳಿಗೆ ಮಾತು ಬರಲ್ಲ."

"ಬಂದಿದ್ರೂ ನಾನು ಕೇಳೋ ಹಾಗಿರಲಿಲ್ಲ. ಅವಳು ಗೈರು."

ಹಗ್ಗದವಳು ನೆಲದ ಮೇಲೆ ಕೂತುಬಿಟ್ಟಳು. ಕಾನೂನಿಗೆ ಒಂದು ಸಾಲು ಸೇರಿಸಿ, ತಟ್ಟೆಯೂ ಉತ್ತರ ಅಂತ ಬರೀರಿ ಎಂದಳು. ನ್ಯಾಯಗಾರ ಪೀಠದಿಂದ ಬಗ್ಗಿ, ಮಕ್ಕಳಿಗೆ ಹೇಳುವಂತೆ ಹೇಳಿದ: "ಕಾನೂನನ್ನ ಚಾವಡಿ ಒಂದು ಬೆಳಿಗ್ಗೆ ಕೂತು ಬದಲಾಯಿಸಬಹುದು. ಕರಾರನ್ನ ಮೂವತ್ತು ವರ್ಷ ಮುಟ್ಟೋ ಹಾಗಿಲ್ಲ. ಅದಕ್ಕೇ ಅಲ್ವಾ ಕರಾರು ಅನ್ನೋದು?"

ಐದನೆಯ ದಿನ ಅವಳು ಮತ್ತೆ ಗುತ್ತಿಗೆದಾರನ ಮನೆ ಮೆಟ್ಟಿಲು ಹತ್ತಿದಳು. ಈ ಸಲ ಅವನೇ ದಾರಿ ಹೇಳಿಕೊಟ್ಟ. ಅವನು ಕೆಟ್ಟವನೇನಲ್ಲ. ಯಾರೊಬ್ಬರ ಮೇಲೂ ಅವನಿಗೆ ದ್ವೇಷವಿರಲಿಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಕೂಗನ್ನು ಉಪಗುತ್ತಿಗೆಗೆ ಕೊಡಲು ಕರಾರಿನಲ್ಲಿ ಜಾಗವಿದೆ ಎಂದ. ನಿನ್ನ ಬೀದಿಯ ಮರುಕೂಗನ್ನು ನೀನೇ ಕೂಗು ಎಂದ. ಉಪಗುತ್ತಿಗೆಯ ಕಾಗದದಲ್ಲಿ ನಿನಗೆ ಬೇಕಾದ ಒಂದು ಷರತ್ತು ಸೇರಿಸಿಕೊಳ್ಳಬಹುದು ಎಂದ.

ಅವಳ ಮುಖ ಅರಳಿತು. "ನಮ್ಮ ಬೀದೀಲಿ ತಟ್ಟೆ ಸದ್ದೂ ಉತ್ತರವೇ ಅಂತ ಬರೀರಿ," ಎಂದಳು.

ಬರಹಗಾರ ಲೇಖನಿ ಅದ್ದಿ, "ಯಾರ ತಟ್ಟೆ, ಯಾರ ಉತ್ತರ ಅಂತ ಹೆಸರು ಹಾಕಲಾ?" ಎಂದು ಕೇಳಿದ.

"ಬೀದೀಲಿ ಇರೋದೇ ಒಂದು ತಟ್ಟೆ. ಬೇಗ ಬರೀರಣ್ಣ."

ಅವನು ಬೇಗ ಬರೆದ. "ಸದರಿ ಬೀದಿಯಲ್ಲಿ ಹೆಸರು ಕೂಗಿದಾಗ ತಟ್ಟೆಯ ಸದ್ದು ಕೇಳಿಬಂದರೆ ಅದನ್ನು ಉತ್ತರವೆಂದು ಎಣಿಸತಕ್ಕದ್ದು." ಅವಳು ಹೆಬ್ಬೆಟ್ಟು ಒತ್ತಿದಳು. ಪ್ರಮಾಣವನ್ನೂ ಮಾಡಿದಳು. ಕೂಗುವವಳು ಊರಿನ ಬಾಯಿ. ಊರಿನ ಬಾಯಿ ಎಂದಿಗೂ ಗೈರಾಗುವುದಿಲ್ಲ, ಅದರ ಹೆಸರನ್ನು ಕೂಗುವಂತಿಲ್ಲ, ಅದು ಹಾಜರೆಂದೇ ಲೆಕ್ಕ. ಹೆಸರನ್ನು ಕೂಗಲು ನಿರಾಕರಿಸಿದರೆ ಬೀದಿಗೆ ಬೀದಿಯೇ ಗೈರು.

ಆರನೆಯ ದಿನ ಬರಹಗಾರ ನಮ್ಮ ಬೀದಿಗೆ ಬಂದು, ಎಲ್ಲರ ಮುಂದೆ ಉಪಗುತ್ತಿಗೆಯನ್ನು ಓದಿದ. ಕೊನೆಯಲ್ಲಿ ಕೆಮ್ಮಿ, ಮೂಲ ಕರಾರಿನ ಇಪ್ಪತ್ತೇಳನೇ ಷರತ್ತು ಇದಕ್ಕೂ ಅನ್ವಯಿಸುತ್ತದೆ ಎಂದು ಅದನ್ನೂ ಓದಿದ. ಮರುಕೂಗಿನಲ್ಲಿ ಹೆಸರುಗಳು ಬದಲಾಗಬಹುದು. ಮುದ್ರೆ ಬಿದ್ದ ಸಂಖ್ಯೆ ಬದಲಾಗಕೂಡದು.

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಗ್ಗದವಳಿಗೆ ತಕ್ಷಣ ಅರ್ಥವಾಯಿತು.

"ಹಂಗಾದ್ರೆ ನಾನೇ ಗೈರಾಗ್ತೀನಿ," ಎಂದಳು. "ನನ್ನ ಜಾಗ ಅವಳಿಗೆ ಕೊಡಿ."

"ನೀನು ಬಾಯಿ ಆಗಿದ್ದೀಯಲ್ಲಮ್ಮ," ಎಂದ ಬರಹಗಾರ. "ನಿನ್ನೆ ಹೆಬ್ಬೆಟ್ಟು ಒತ್ತೋ ಮೊದಲು ಕೇಳಿದ್ರೆ ಆಗ್ತಿತ್ತು." ಹಾಗೆಂದು ಕಾಗದ ಸುತ್ತಿಕೊಂಡು ಹೋದ.

ಮೂವತ್ತೊಂಬತ್ತು ಹಾಜರು. ಅವಳ ಮಗಳು ಒಳಗೆ ಬರಬೇಕಾದರೆ ಬೀದಿಯಿಂದ ಒಬ್ಬರು ಹೊರಗೆ ಹೋಗಬೇಕು. ಕೂಗುವವಳು ಅವಳು. ಎಷ್ಟು ಜೋರಾಗಿ ಕೂಗಬೇಕು, ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಎಷ್ಟು ಹೊತ್ತು ಬಿಡಬೇಕು ಎಂಬುದು ಅವಳ ಕೈಯಲ್ಲಿ. ಮರುದಿನ ಬೆಳಿಗ್ಗೆಯೇ ಅವಳ ಮನೆಗೆ ಕುಂಬಳಕಾಯಿ ಹೋಯಿತು, ಹೊಸ ಮಡಕೆ ಹೋಯಿತು, ರವಿಕೆಗೆ ಬಟ್ಟೆ ಹೋಯಿತು. ನಾನು ಒಂದು ಬಿಂದಿಗೆ ಎಣ್ಣೆ ಹೊತ್ತುಕೊಂಡು ಹೋದೆ. "ಅಕ್ಕ, ನಮ್ಮ ಮನೇಲಿ ಎಲ್ಲರೂ ಬಾಗಿಲಲ್ಲೇ ಕೂತಿರ್ತೀವಿ," ಎಂದೆ. ಕುಂಬಾರನ ಹೆಂಡತಿ ಹಸುಗೂಸನ್ನು ತಂದು ಅವಳ ಮಡಿಲಲ್ಲಿ ಹಾಕಿದಳು. ಹಗ್ಗದವಳು ಎಲ್ಲವನ್ನೂ ಮೂಲೆಯಲ್ಲಿ ಇಡಿಸಿದಳು. ಹೊಸೆಯುತ್ತಿದ್ದ ಹಗ್ಗದ ಎಳೆಗಳನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದಳು. ನನ್ನ ಹೆಸರೂ ಆ ಬೆರಳಿನ ಮೇಲೆ ಬಂದು ಹೋಗಿರಬೇಕು.

ಏನೂ ತಾರದವನು ಮುದುಕ ಒಬ್ಬನೇ. ಅವನಿಗೆ ಏನೂ ಕೇಳಿಸಿರಲಿಲ್ಲ. ಹಗ್ಗದವಳು ಕೂಗುತ್ತಾಳಂತೆ ಎಂಬುದನ್ನು ಮಾತ್ರ ಯಾರೋ ಕಿವಿಯಲ್ಲಿ ಕಿರುಚಿ ಹೇಳಿದ್ದರು. ಅವನಿಗೆ ಎಲ್ಲಿಲ್ಲದ ಖುಷಿ. ಎಂಟನೆಯ ದಿನ ಅವಳ ಮನೆಗೆ ಬಂದು, ರಾಟೆಯ ಪಕ್ಕ ಕೂತು ಅವಳಿಗೆ ಪಾಠ ಹೇಳಿದ.

"ಗಂಟಲು ಮುಖ್ಯ ಅಲ್ಲಮ್ಮ. ಯಾರು ಬೇಕಾದ್ರೂ ಕಿರುಚಬಹುದು. ಮೂರನೇ ಕೂಗಾದ ಮೇಲೆ ಕಾಯ್ಬೇಕು. ಜನ ಒಳಗಿಂದ ಬರೋದಕ್ಕೆ ಹೊತ್ತಾಗ್ತದೆ. ಒಬ್ಬೊಬ್ಬರದು ಒಂದೊಂದು ಸಂಕಟ. ನೀನು ಕಾಯ್ತೀಯ ಬಿಡು, ನಿನ್ನ ಮನಸ್ಸು ನಂಗೆ ಗೊತ್ತು."

ಮೂಕಿ ಅವನಿಗೆ ಒಂದು ಲೋಟ ನೀರು ತಂದುಕೊಟ್ಟಳು. ಅವನು ಅವಳ ತಲೆ ಸವರಿದ. ಮಾತಾಡಿಸಕೂಡದು ಎಂದಿತ್ತು, ಸವರಕೂಡದು ಎಂದು ಇರಲಿಲ್ಲ. ಹಗ್ಗದವಳು ಅವನ ಕಿವಿಯನ್ನೇ ನೋಡುತ್ತಿದ್ದಳು. ಅವಳು ಹೆಸರು ಆರಿಸಿದ್ದು ಆಗಲೇ ಇರಬೇಕು.

ಒಂಬತ್ತನೆಯ ಬೆಳಿಗ್ಗೆ ಬಿಸಿಗಾಳಿ ಬೀಸುತ್ತಿತ್ತು. ಹಗ್ಗದವಳು ಮಗಳನ್ನು ತನ್ನ ಮನೆಯ ಹೊಸ್ತಿಲಲ್ಲಿ ಕೂರಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟು, ಸೌಟನ್ನು ಕೈಗೆ ಕೊಟ್ಟಳು. ಎರಡೂ ಭುಜ ಹಿಡಿದು ಕೆಳಕ್ಕೆ ಒತ್ತಿದಳು. ಇಲ್ಲಿಂದ ಏಳಬೇಡ ಎಂದು ಅದರ ಅರ್ಥ. ಮಗಳು ಎದುರು ಜಗುಲಿಯಲ್ಲಿ ಕೂತಿದ್ದ ಮುದುಕನ ಕಡೆ ಕೈ ತೋರಿಸಿ, ತನ್ನ ಮೊಣಕಾಲು ಮುಟ್ಟಿಕೊಂಡು ತೋರಿಸಿದಳು. ತಾಯಿ ಮತ್ತೆ ಭುಜ ಒತ್ತಿದಳು, ಈ ಸಲ ನೋವಾಗುವಂತೆ.

ಆಮೇಲೆ ಅವಳು ಬೀದಿಯ ತಲೆಗೆ ಹೋಗಿ ಅಲ್ಲಿಂದ ಕೂಗುತ್ತಾ ಬಂದಳು. ಬರಹಗಾರ ಪಟ್ಟಿ ಹಿಡಿದು ಹಿಂದೆ ಬಂದ. ತನ್ನನ್ನು ತಾನೇ ಕೂಗುವಂತಿರಲಿಲ್ಲ, ಅವನು ಮೊದಲೇ ಒಂದು ಎಂದು ಗೀಟು ಹಾಕಿದ್ದ. ಅವಳು ಚೆನ್ನಾಗಿ ಕೂಗಿದಳು. ನಮ್ಮ ನಮ್ಮ ಹೆಸರುಗಳು ವರ್ಷದ ಧೂಳು ಕೊಡವಿಕೊಂಡು ಹೊರಗೆ ಬಂದವು. ಇದ್ದೇನೆ, ಇದ್ದೇನೆ, ಇದ್ದೇನೆ. ಮೊದಲ ಕೂಗಿಗೇ ಎಲ್ಲರೂ ಬಾಯಿ ಬಿಡುತ್ತಿದ್ದರು. ಕುಂಬಾರನ ಕೂಸನ್ನು ಚಿವುಟಿ ಅಳಿಸಿದರು, ಬಾಯಿಂದ ಬಂದದ್ದಲ್ಲವೇ ಎಂದು ಬರಹಗಾರ ಅದನ್ನೂ ಬರೆದುಕೊಂಡ. ನನ್ನ ಹೆಸರು ಬಂದಾಗ ಕೂಗು ಮುಗಿಯುವ ಮೊದಲೇ ಕಿರುಚಿದೆ. ಉತ್ತರ ಕೊಟ್ಟವರೆಲ್ಲ ಅವಳ ಹಿಂದೆ ನಡೆದೆವು. ಮೂವತ್ತೆಂಟು ಗೀಟು ಆದವು. ಬೀದಿಯ ಕೊನೆಯಲ್ಲಿ ಎರಡು ಮನೆ ಉಳಿದವು, ಎರಡು ಹೆಸರು.

ಅವಳು ಮುದುಕನ ಜಗುಲಿಗೆ ಬೆನ್ನು ಹಾಕಿ ನಿಂತು, ತಗ್ಗಿದ ದನಿಯಲ್ಲಿ, ಉಸಿರು ಬಿಡದೆ ಕೂಗಿದಳು.

"ಮುದ್ದುವೀರಯ್ಯ, ಮುದ್ದುವೀರಯ್ಯ, ಮುದ್ದುವೀರಯ್ಯ."

ಬೀದಿಯಲ್ಲಿ ಯಾರೂ ಅಲುಗಲಿಲ್ಲ. ಮುದುಕ ಎಲೆಗೆ ಸುಣ್ಣ ಹಚ್ಚುತ್ತಿದ್ದ. ನಾನು ಅವನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಒಂದು ಸಲ ಕೈ ಬೀಸಿದ್ದರೆ ಅವನು ನೋಡುತ್ತಿದ್ದ. ಬೀಸಲಿಲ್ಲ. ಬರಹಗಾರ ಗೈರು ಎಂದು ಬರೆಯಲು ಲೇಖನಿ ಊರಿದ.

ಆಗ ತಟ್ಟೆಯ ಸದ್ದು ಕೇಳಿತು.

ಮೂಕಿ ಹೊಸ್ತಿಲಿನಿಂದ ಎದ್ದಿರಲಿಲ್ಲ. ತಾಯಿ ಭುಜ ಒತ್ತಿ ಕೂರಿಸಿದ್ದಳಲ್ಲ. ಕೂತಲ್ಲೇ ಮುದುಕನ ಕಡೆ ನೋಡುತ್ತಾ, ಅವನನ್ನು ಎಚ್ಚರಿಸಲು ಶಕ್ತಿಯೆಲ್ಲ ಹಾಕಿ ತಟ್ಟೆ ಬಡಿಯುತ್ತಿದ್ದಳು.

"ಉತ್ತರ ಬಂತು," ಎಂದ ಬರಹಗಾರ. "ಹಾಜರು."

"ಅಲ್ಲ," ಎಂದಳು ಹಗ್ಗದವಳು. "ಅದು ಅವನ ಉತ್ತರ ಅಲ್ಲ. ಅದು ನನ್ನ ಮಗಳ ತಟ್ಟೆ."

"ಯಾರ ತಟ್ಟೆ, ಯಾರ ಉತ್ತರ ಅಂತ ಕಾಗದದಲ್ಲಿ ಇಲ್ಲ. ಹೆಸರು ಹಾಕಲಾ ಅಂತ ಕೇಳಿದ್ದೆ." ಅವನು ಗೀಟು ಹಾಕಿದ. "ಮೂವತ್ತೊಂಬತ್ತು. ಮುಂದಿನ ಹೆಸರು ಕೂಗಮ್ಮ."

ಅವಳು ಕೂಗಲಿಲ್ಲ. ನಾವು ಮೂವತ್ತೇಳು ಜನ ಅವಳನ್ನೇ ನೋಡುತ್ತಿದ್ದೆವು. ಕೂಗದಿದ್ದರೆ ಬೀದಿಯೇ ಗೈರು. ಕುಂಬಾರನ ಹೆಂಡತಿ, "ಕೂಗೇ ತಾಯಿ, ಮಕ್ಕಳಿದ್ದಾವೆ," ಎಂದಳು. ಆಮೇಲೆ ಎಲ್ಲರೂ ಹೇಳಿದೆವು. ಕೂಗು, ಕೂಗು ಎಂದೆವು. ಅಷ್ಟು ಜೋರಾಗಿ ನಮ್ಮ ಬೀದಿ ಒಂದೇ ಮಾತನ್ನು ಎಂದೂ ಆಡಿರಲಿಲ್ಲ.

"ಪುಟ್ಟನಂಜಿ," ಎಂದಳು ಹಗ್ಗದವಳು.

ಒಂಬತ್ತು ದಿನಗಳ ಮೇಲೆ ತಾಯಿ ತನ್ನ ಜೊತೆ ಆಡಿದ ಮೊದಲ ಮಾತು ಅದು. ಮಗಳ ಮುಖ ಬೆಳಗಿತು. ಸಿಟ್ಟು ಇಳಿಯಿತು ಎಂದುಕೊಂಡಳೋ ಏನೋ, ತಟ್ಟೆಯ ಮೇಲೆ ಒಂದು ಏಟು ಹಾಕಿದಳು. "ಪುಟ್ಟನಂಜಿ." ಇನ್ನೊಂದು ಏಟು. "ಪುಟ್ಟನಂಜಿ." ಮೂರನೇ ಏಟು.

ಬರಹಗಾರ ಪಟ್ಟಿ ಮಡಚಿದ. "ಸಂಖ್ಯೆ ತುಂಬಿದೆ. ಮಾತು ನೀನೇ ಹೇಳ್ಬೇಕು, ಬಾಯಿ ನೀನು."

ಹಗ್ಗದವಳು ಬಹಳ ಹೊತ್ತು ಕಾದಳು. ಮುದುಕ ಹೇಳಿಕೊಟ್ಟದ್ದಕ್ಕಿಂತ ಹೆಚ್ಚು ಹೊತ್ತು ಕಾದಳು. ಮಗಳು ತಟ್ಟೆ ಬಡಿಯುತ್ತಲೇ ಇದ್ದಳು. ಕೊನೆಗೆ ತಾಯಿ ಆ ಮಾತನ್ನು ಹೇಳಿದಳು, ಸ್ಪಷ್ಟವಾಗಿ.

"ಗೈರು."

ನಾವೆಲ್ಲ ಒಟ್ಟಿಗೆ ಕಣ್ಣೆತ್ತಿ ಆ ಹೊಸ್ತಿಲಿನ ಹಿಂದಿನ ಗೋಡೆಯನ್ನು ನೋಡಿದೆವು. ತಟ್ಟೆಯ ಸದ್ದು ಇನ್ನೂ ಬರುತ್ತಿತ್ತು. ಗಾಳಿ ಎಂದುಕೊಂಡೆವು. ಹಗ್ಗದವಳೂ ನಿಧಾನವಾಗಿ ತಲೆ ಎತ್ತಿ ಗೋಡೆಯನ್ನು ನೋಡತೊಡಗಿದಳು.

ಬೀದಿಯೇ ತನ್ನ ಮನೆಯ ಎದುರಿಗೆ ಬಂದು ನಿಂತಿರುವುದು ಮುದುಕನಿಗೆ ಕಂಡದ್ದು ಆಗ. ತನ್ನ ಹೆಸರು ಬಂದಿರಬೇಕು ಎಂದುಕೊಂಡ. ಎಲೆಯನ್ನು ಕೆಳಗಿಟ್ಟು, ಕಂಬ ಹಿಡಿದು ಎದ್ದು ನಿಂತು, ಹೆಗಲ ಬಟ್ಟೆ ಸರಿಮಾಡಿಕೊಂಡ.

"ಇದ್ದೇನೆ," ಎಂದ. ಅವಳ ಕಡೆ ನೋಡಿ ಕೈ ಮುಗಿದ. "ನಂಗೋಸ್ಕರ ಇಷ್ಟು ಹೊತ್ತು ಕಾದೆಯಲ್ಲಮ್ಮ. ನಿನ್ನ ಹೊಟ್ಟೆ ತಣ್ಣಗಿರ್ಲಿ."